ಬಾಪಾ ಅನಂತನ ಮನೆಯ ಒದ್ದೆ ಬಟ್ಟೆ

ವೃದ್ಧರ ನಿಲಯದ ಮೇಲ್ವಿಚಾರಕಿ ಬ್ರೀಡಾ ಮೊದಲು ಮಳೆಯ ಮಾತೆತ್ತಿದಳು. ಆಮೇಲೆ ನೇಸ್ ಪೇಟೆಯ ಟ್ರಾಫಿಕ್ಕು, ಆಮೇಲೆ ಚಿತ್ರಾಳ ಮಗಳ ಪರೀಕ್ಷೆ. ಕೆಟ್ಟ ಸುದ್ದಿ ಹೇಳುವ ಮುಂಚೆ ಐರ್ಲೆಂಡಿನವರು ಹೀಗೆ ಊರೆಲ್ಲ ಸುತ್ತಿ ಬರುತ್ತಾರೆಂಬುದು ಚಿತ್ರಾಗೆ ಗೊತ್ತಿತ್ತು. ಹಾಗಾಗಿ ಮೇಲ್ವಿಚಾರಕಿ ತನ್ನನ್ನು ಚಾದರಗಳ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಾಗಲೇ ಅವಳು ಆ ಸುದ್ದಿಗೆ ಕಾಯತೊಡಗಿದ್ದಳು.

ಕೆಲಸದ ಬಗ್ಗೆ ಯಾರದೂ ದೂರಿಲ್ಲ ಅಂದಳು ಬ್ರೀಡಾ. ಮುದುಕರೆಲ್ಲ ನಿನ್ನನ್ನೇ ಕೇಳುತ್ತಾರೆ ಅಂದಳು. ಆಮೇಲೆ ಮಡಿಸಿಟ್ಟ ಟವೆಲ್ಲುಗಳ ಕಡೆ ನೋಡುತ್ತ, ಒಬ್ಬ ಅಜ್ಜಿಯ ಮಗಳು ಬಂದವಳು ನಿನ್ನ ಸಮವಸ್ತ್ರದ ಟ್ಯೂನಿಕ್ಕು ವಾಸನೆ ಬರುತ್ತದೆಂದು ಹೇಳಿ ಹೋಗಿದ್ದಾಳೆ ಅಂದಳು. ಎಂಥ ವಾಸನೆ ಎಂದು ಚಿತ್ರಾ ಕೇಳಿದಳು. ಕೇಳಬಾರದಿತ್ತು. ಮಳೆಯಲ್ಲಿ ನೆಂದ ನಾಯಿ ಮಲಗಿದ್ದ ಕಂಬಳಿಯ ಹಾಗೆ ಅಂದರಂತೆ.

"ಶುಕ್ರವಾರ ನಿನ್ನ ಪ್ರೊಬೇಷನ್ ಮೀಟಿಂಗು," ಎಂದಳು ಬ್ರೀಡಾ. "ಮ್ಯಾನೇಜರೂ ಕೂತಿರ್ತಾರೆ. ಒಣಗಿದ ಟ್ಯೂನಿಕ್ ಹಾಕ್ಕೊಂಡು ಬಾ, ಚಿನ್ನಾ. ಕಾಗದದಲ್ಲಿ ಈ ಮಾತು ಬರೆಯೋಕೆ ನನಗಿಷ್ಟ ಇಲ್ಲ."

ಅಂದು ಮಂಗಳವಾರ. ಚಿತ್ರಾ ಉಳಿದ ಹೊತ್ತೆಲ್ಲ ಮುದುಕರಿಂದ ಒಂದು ತೋಳಿನಷ್ಟು ದೂರ ನಿಂತು ಕೆಲಸ ಮಾಡಿದಳು. ಆ ಕೆಲಸವನ್ನು ಅಷ್ಟು ದೂರದಿಂದ ಮಾಡಲು ಬರುವುದಿಲ್ಲ. ಸ್ನಾನ ಮಾಡಿಸಬೇಕು, ಒದ್ದೆಯಾದ ಪ್ಯಾಡು ಬದಲಿಸಬೇಕು, ಎತ್ತಿ ಕೂರಿಸುವಾಗ ಅವರ ಗಲ್ಲ ತನ್ನ ಭುಜದ ಮೇಲೆ ಬರುತ್ತದೆ. ಭುಜದ ಮೇಲೆ ಮೂಗಿಟ್ಟವರಿಗೆಲ್ಲ ಇಷ್ಟು ದಿನ ಆ ವಾಸನೆ ಹೊಡೆದಿತ್ತು, ಅವರು ಮರ್ಯಾದೆಗೆ ಸುಮ್ಮನಿದ್ದರು.

ಚಿತ್ರಾ ಮೈಸೂರಿನ ಸರಸ್ವತಿಪುರಂನವಳು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಗಂಡ ಅನಂತಕೃಷ್ಣನಿಗೆ ಡಬ್ಲಿನ್ ಕಂಪನಿಯ ಕೆಲಸ ಸಿಕ್ಕಾಗ ಮಗಳು ತನ್ವಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಹಲವು ವರ್ಷ ಮನೆ ನೋಡಿಕೊಂಡಳು, ಅಂದರೆ ಮನೆಯಲ್ಲಿ ಉಳಿದಿಬ್ಬರು ಮಾಡದ ಕೆಲಸವನ್ನೆಲ್ಲ ಮಾಡಿದಳು. ಮಗಳು ದೊಡ್ಡವಳಾದ ಮೇಲೆ ಆರೈಕೆಯ ಕೋರ್ಸು ಮುಗಿಸಿ ಊರ ಹೊರಗಿನ ವೃದ್ಧರ ನಿಲಯಕ್ಕೆ ಸೇರಿಕೊಂಡಳು. ಮೈಸೂರಿನ ನೆಂಟರಿಗೆ ಅನಂತಕೃಷ್ಣ, ಅವಳು ಹೆಲ್ತ್‌ಕೇರ್‌ನಲ್ಲಿದ್ದಾಳೆ ಎಂದಷ್ಟೇ ಹೇಳಿದ. ಯಾರ ಹೇಲು ಯಾರು ಬಳಿಯುತ್ತಾರೆಂಬುದು ಫೋನಿನಲ್ಲಿ ಹೇಳುವ ವಿಷಯವಲ್ಲ.

ಅವಳಿಗೆ ಮಾತ್ರ ಆ ಕೆಲಸ ಹೇಸಿಗೆ ಅನ್ನಿಸಲಿಲ್ಲ. ಮೈಯ ಕೊಳೆಗೆ ಒಂದು ಕಾರಣವಿರುತ್ತದೆ, ತೊಳೆದರೆ ಹೋಗುತ್ತದೆ, ತೊಳೆಸಿಕೊಂಡವರು ಕೈ ಹಿಡಿದು ಏನೋ ಒಂದು ಒಳ್ಳೆಯ ಮಾತಾಡುತ್ತಾರೆ. ಅವಳಿಗೆ ವಾಕರಿಕೆ ತರಿಸುತ್ತಿದ್ದುದು ಮನೆ. ರೇಡಿಯೇಟರಿನ ಮೇಲೆ ಚಡ್ಡಿ, ಬಾಗಿಲ ಮೇಲೆ ಪ್ಯಾಂಟು, ಮೆಟ್ಟಿಲ ಕಟಕಟೆಯ ಉದ್ದಕ್ಕೂ ಟವೆಲ್ಲು. ಕಿಟಕಿಯ ಗಾಜಿನಿಂದ ನೀರು ಇಳಿದು ಚೌಕಟ್ಟಿನಲ್ಲಿ ನಿಲ್ಲುತ್ತಿತ್ತು. ಬೀರುವಿನ ಹಿಂದೆ ಗೋಡೆಗೆ ಕರಿ ಬೂಷ್ಟು. ಪ್ರತಿ ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ಲೀಚಿನಲ್ಲಿ ಒರೆಸುತ್ತಿದ್ದಳು, ಮುಂದಿನ ಭಾನುವಾರದ ಹೊತ್ತಿಗೆ ಅದು ಮತ್ತೆ ಗೋಡೆ ಹತ್ತಿರುತ್ತಿತ್ತು. ಅನಂತಕೃಷ್ಣ ಅದನ್ನು ಐರ್ಲೆಂಡಿನ ಹವೆ ಅನ್ನುತ್ತಿದ್ದ.

ಹವೆಯಲ್ಲ, ರೇಡಿಯೋ.

ಆ ಮನೆಗೆ ಬಂದ ಹೊಸತರಲ್ಲಿ ಹಿತ್ತಲಲ್ಲಿ ಬಟ್ಟೆ ಹರವುವ ಉದ್ದನೆಯ ಹಗ್ಗವಿತ್ತು. ಗಾಳಿಯ ಜೊತೆ ಒಂದಿಷ್ಟು ಬಿಸಿಲು ಕಂಡರೆ ಇಲ್ಲಿಯ ಹೆಂಗಸರು ಒಬ್ಬರಿಗೊಬ್ಬರು ಬೇಲಿಯಾಚೆಯಿಂದ ಕೂಗಿ ಹೇಳುತ್ತಾರೆ, ಇವತ್ತು ಬಟ್ಟೆ ಒಣಗಲು ಗ್ರ್ಯಾಂಡ್ ದಿನ ಎಂದು. ಅನಂತಕೃಷ್ಣ ಆ ಹಗ್ಗ ಬಿಚ್ಚಿ ಅದೇ ಎರಡು ಕಂಬಕ್ಕೆ ತಾಮ್ರದ ತಂತಿ ಕಟ್ಟಿದ. ಶಾರ್ಟ್‌ವೇವ್ ಹಿಡಿಯುವ ಆಂಟೆನಾ ಅದು. ಅದರ ಪಕ್ಕ ಒದ್ದೆ ಬಟ್ಟೆ ಇರಕೂಡದು, ಸಿಗ್ನಲ್ ಸಾಯುತ್ತದೆ ಅಂದ.

ದೂರದೇಶದ ನಿಲ್ದಾಣ ಹಿಡಿದು, ಪ್ರಸಾರ ಹೇಗೆ ಕೇಳಿಸಿತೆಂದು ಅವರಿಗೆ ವರದಿ ಕಳಿಸುವುದು ಅವನ ಹುಚ್ಚು. ವರದಿ ಮೆಚ್ಚಿದರೆ ನಿಲ್ದಾಣದವರು ಚಿತ್ರದ ಕಾರ್ಡು ಕಳಿಸುತ್ತಾರೆ. ಮೊದಲು ಇಂಗ್ಲಿಷ್ ಪ್ರಸಾರಗಳಿಗೆ ಬರೆಯುತ್ತಿದ್ದ. ಅಲ್ಲಿ ಅವನಂಥವರು ಸಾವಿರ ಜನ. ಜಾವಾದ ಒಂದು ನಿಲ್ದಾಣದ ಇಂಡೋನೇಷ್ಯನ್ ವಿಭಾಗಕ್ಕೆ, ಫೋನಿನಲ್ಲಿ ಅನುವಾದ ಮಾಡಿಸಿ ಒಮ್ಮೆ ಬರೆದು ನೋಡಿದ. ಆ ವಾರವೇ ಗಾಳಿಯಲ್ಲಿ ಅವನ ಹೆಸರು ಬಂತು. ಐರ್ಲೆಂಡಿನಿಂದ ತಮ್ಮ ಭಾಷೆಯ ಪ್ರಸಾರ ಕೇಳುವ ಒಬ್ಬನೇ ಒಬ್ಬ ಶ್ರೋತೃ ಅವರಿಗೆ ಬೇರೆ ಎಲ್ಲಿ ಸಿಗಬೇಕು. ಅಂದಿನಿಂದ ಅವನು ಬಾಪಾ ಅನಂತ, ಅನಂತರಾಯರು ಎಂದ ಹಾಗೆ. ವಾರಕ್ಕೊಮ್ಮೆ ಒಬ್ಬ ಹೆಂಗಸಿನ ದನಿ ಆ ಹೆಸರನ್ನು ಮುದ್ದಾಗಿ ಎಳೆದು ಹೇಳುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಭಾಷೆ ಬರುತ್ತಿರಲಿಲ್ಲ. ಗಂಡನಿಗೆ ಅವರು ಸುವಾಮಿ ಅನ್ನುತ್ತಾರಂತೆ, ನಮ್ಮ ಸ್ವಾಮಿಯೇ ಅದು, ಎಂದು ಊಟಕ್ಕೆ ಕೂತಾಗ ತಿಳಿಸಿದ. ಚಿತ್ರಾ ಅವನ ತಟ್ಟೆಗೆ ಪಲ್ಯ ಬಡಿಸುತ್ತಿದ್ದಳು.

ವರದಿಯಲ್ಲಿ ಪ್ರಸಾರದ ಗುಣಕ್ಕೆ ಐದು ಅಂಕಿ ಬರೆಯಬೇಕು. ಅದರಲ್ಲಿ ಒಂದು, ಬೇರೆ ಸದ್ದಿನ ಅಡ್ಡಿ ಎಷ್ಟಿತ್ತು ಎಂಬುದಕ್ಕೆ. ಅಲ್ಲಿಂದ ಶುರುವಾಯಿತು. ಮಿಕ್ಸಿ ಹಾಕಿದರೆ ರೇಡಿಯೋ ಗೊರಗುಟ್ಟುತ್ತದೆ. ಇಂಡಕ್ಷನ್ ಒಲೆ ಹಾಕಿದರೆ ಕಿರುಚುತ್ತದೆ. ಬಟ್ಟೆ ಒಗೆದು ಒಣಗಿಸುವ ಮಿಷನ್ನಂತೂ ಇಡೀ ಇಂಡೋನೇಷ್ಯಾವನ್ನು ನುಂಗುತ್ತದೆ. ಈ ಹುಚ್ಚಿನವರಲ್ಲೆಲ್ಲ ಒಂದು ರೂಢಿಯಿದೆ. ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಬ್ಯಾಟರಿಯ ಮೇಲೆ ರೇಡಿಯೋ ಇಟ್ಟು ಕೇಳುವುದು. ಅನಂತಕೃಷ್ಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಬೆಳಗ್ಗೆ ಹನ್ನೊಂದರ ಪ್ರಸಾರಕ್ಕೆ ಮೆಟ್ಟಿಲ ಕೆಳಗಿನ ಸ್ವಿಚ್ಚು ಇಳಿಯಿತೆಂದರೆ ಮನೆ ಸತ್ತ ಹಾಗೆ. ಮಧ್ಯಾಹ್ನ ಅದೇ ಕಾರ್ಯಕ್ರಮದ ಮರುಪ್ರಸಾರ, ಸಂಜೆ ಬೇರೆ ನಿಲ್ದಾಣಗಳ ಹುಡುಕಾಟ. ಒಗೆದು ಒಣಗಿಸಲು ಆ ಮಿಷನ್ನಿಗೆ ಅರ್ಧ ದಿನ ಬೇಕು, ನಡುವೆ ನಿಂತರೆ ಅದು ತಾನಾಗಿ ಮತ್ತೆ ಹೊರಡದು. ಅಂಥ ತುಂಡಾಗದ ಅರ್ಧ ದಿನ ಆ ಮನೆಯಲ್ಲಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ್ದಾಗ ಡ್ರೈಯರ್ ಓಡಿಸಬೇಡಿ, ಬೆಂಕಿ ಹತ್ತುತ್ತದೆ ಎಂದು ಇಲ್ಲಿ ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಾರೆ. ಹಾಗಾಗಿ ಬಟ್ಟೆಗಳು ಅರ್ಧ ಒಗೆಸಿಕೊಂಡು, ಅರ್ಧ ಬೆಂದು, ಡ್ರಮ್ಮಿನ ಕತ್ತಲಲ್ಲಿ ಮುದ್ದೆಯಾಗಿ ಕೂತು, ಆಮೇಲೆ ಬಾಗಿಲುಗಳ ಮೇಲೆ ನೇತಾಡಿ, ಹಾಗೇ ಮೈಗೇರುತ್ತಿದ್ದವು. ಮೂರು ಟ್ಯೂನಿಕ್ಕು ಅವಳಿಗೆ. ಮೂರಕ್ಕೂ ಈಗ ವಾಸನೆ ಹಿಡಿದಿತ್ತು.

ಮಂಗಳವಾರ ಸಂಜೆ ಅವಳು ಬ್ರೀಡಾ ಹೇಳಿದ್ದನ್ನು ಗಂಡನಿಗೆ ಹೇಳಿದಳು. ನಾಯಿಯ ಮಾತನ್ನೂ ಬಿಡದೆ ಹೇಳಿದಳು. ಅವನು ಕಿವಿಯಿಂದ ಹೆಡ್‌ಫೋನ್ ಒಂದು ಬದಿ ಸರಿಸಿ ಕೇಳಿ, "ಡಿಯೋಡರೆಂಟ್ ಹಾಕ್ಕೋಬಾರ್ದಾ?" ಅಂದ.

ಅವನ ತಲೆಯಲ್ಲಿ ಬೇರೆಯೇ ಸಂಭ್ರಮವಿತ್ತು. ನಿಲ್ದಾಣದವರು ಅವನನ್ನು ಆ ವರ್ಷದ ನಿಷ್ಠಾವಂತ ಶ್ರೋತೃ ಎಂದು ಆರಿಸಿದ್ದರು. ಬುಧವಾರ ಬೆಳಗ್ಗೆ ವಾಟ್ಸಾಪಿನಲ್ಲಿ ವಿಡಿಯೋ ಕರೆ ಮಾಡಿ ಮಾತು ರೆಕಾರ್ಡ್ ಮಾಡುತ್ತಾರೆ, ಆಮೇಲೆ ಪ್ರಸಾರ. ಕುಟುಂಬವೂ ಜೊತೆಯಲ್ಲಿದ್ದರೆ ಚೆನ್ನ ಅಂದಿದ್ದರು.

"ನಾಳೆ ನಿನಗೆ ರಜ ತಾನೆ. ಒಂದು ಸೀರೆ ಉಟ್ಕೊಂಡು ಪಕ್ಕ ಕೂತ್ಕೊ ಕಣೇ. ತೆರಿಮಾ ಕಾಸಿಹ್ ಅಂದ್ರೆ ಸಾಕು, ಥ್ಯಾಂಕ್ಸ್ ಅಂತ."

"ರೇಡಿಯೋಗೆ ಸೀರೆ ಯಾಕ್ರೀ?"

"ಫೋಟೋ ಹಾಕ್ತಾರೆ ಅವರ ಪೇಜಲ್ಲಿ."

ಚಿತ್ರಾ ಯೋಚಿಸಿ, ಕೂರುತ್ತೇನೆ, ಆದರೆ ಗುರುವಾರ ಇಡೀ ದಿನ ಮೇನ್ ಸ್ವಿಚ್ಚು ಮುಟ್ಟಬಾರದು ಎಂದಳು. ಎರಡು ಟ್ಯೂನಿಕ್ಕುಗಳನ್ನು ಬುಧವಾರ ವಿನಿಗರ್ ನೀರಿನಲ್ಲಿ ನೆನೆಸಿ, ಗುರುವಾರ ಕೆಲಸಕ್ಕೆ ಹೊರಡುವಾಗ ಪೂರ್ತಿ ಬಿಸಿಯಲ್ಲಿ ಹಾಕಿ ಹೋಗುತ್ತೇನೆ, ಶುಕ್ರವಾರ ನನ್ನ ಮೀಟಿಂಗ್ ಇದೆ. ಅವನು ಒಪ್ಪಿದ. ಒಂದು ದಿನ ತಾನೆ ಅಂದ. ಪಕ್ಕದಲ್ಲಿದ್ದ ತನ್ವಿ ಫೋನಿನಿಂದ ತಲೆಯೆತ್ತದೆ, ಐರಿಶ್ ರಾಗದ ಇಂಗ್ಲಿಷಿನಲ್ಲಿ, ಇದನ್ನು ಸಾಕ್ಷಿಗೆ ರೆಕಾರ್ಡ್ ಮಾಡಲೇ ಎಂದು ಕೇಳಿದಳು. ಅಪ್ಪ ನಕ್ಕ.

ಬುಧವಾರ ಕರೆ ಬಂತು. ವಾರವಾರ ಅವನ ಹೆಸರು ಎಳೆಯುತ್ತಿದ್ದ ದನಿಯ ಒಡತಿ ರೆತ್ನೊ ಎಂಬಾಕೆ, ದುಂಡು ಮುಖದ ನಗುವಿನ ಹೆಂಗಸು. ಅನಂತಕೃಷ್ಣ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದ ಇಂಡೋನೇಷ್ಯನ್ ಉತ್ತರಗಳನ್ನು ಓದಿದ. ಆಕೆ ಬರೆಯದ ಪ್ರಶ್ನೆ ಕೇಳಿದಾಗ ಜೋರಾಗಿ ನಕ್ಕು, ಯಾ ಯಾ ಅಂದ. ಚಿತ್ರಾ ರೇಷ್ಮೆ ಸೀರೆಯಲ್ಲಿ ಕೂತಿದ್ದಳು. ಸೀರೆಗೂ ಬೀರುವಿನ ವಾಸನೆ ಇತ್ತು. ಆಕೆಗೆ ಅದು ಹೊಡೆಯದಷ್ಟು ದೂರದಲ್ಲಿ ಜಾವಾ ಇರುವುದು ಒಳ್ಳೆಯದಾಯಿತು ಎಂದುಕೊಂಡಳು.

ಆಮೇಲೆ ರೆತ್ನೊ ಇಂಗ್ಲಿಷಿಗೆ ಹೊರಳಿ ಅವಳನ್ನೇ ಮಾತಾಡಿಸಿದಳು.

"ಇಬು ಚಿತ್ರಾ," ಎಂದಳು, ಚಿತ್ರಮ್ಮ ಎಂದ ಹಾಗೆ. "ನಮ್ಮ ಕೇಳುಗರಿಗೆಲ್ಲ ನಿಮ್ಮ ಮೇಲೆ ಬಹಳ ಪ್ರೀತಿ. ನಮ್ಮ ದನಿಗೆ ಅಡ್ಡಿಯಾಗಬಾರದು ಅಂತ ನೀವೇ ಮಿಷನ್ ಬಿಟ್ಟು, ಮನೆಯ ಬಟ್ಟೆಯನ್ನೆಲ್ಲ ಕೈಯಲ್ಲಿ ಒಗೆಯುತ್ತೀರಂತೆ. ಬಾಪಾ ಬರೆದಿದ್ದರು. ಅದನ್ನು ಓದಿದ ವಾರ ಎಷ್ಟು ಹೆಂಗಸರು ಮೆಸೇಜ್ ಕಳಿಸಿದರು ಗೊತ್ತಾ."

ಚಿತ್ರಾ ಗಂಡನ ಕಡೆ ತಿರುಗಿದಳು. ಅವನು ಕಿಟಕಿಯಾಚೆಯ ತಂತಿಯನ್ನು ಆಗ ತಾನೇ ಕಂಡವನ ಹಾಗೆ ನೋಡುತ್ತಿದ್ದ. ತನ್ನ ಕೈ, ತಾನು ಮಾಡದ ಒಗೆತ, ತಾನು ಹಿಡಿಯದ ವ್ರತ, ಎಲ್ಲ ಸೇರಿ ಒಂದು ಕತೆಯಾಗಿ ಕಡಲು ದಾಟಿ, ಕಂಡರಿಯದ ಹೆಂಗಸರ ಅಡುಗೆಮನೆಯಲ್ಲಿ ಮೆಚ್ಚುಗೆ ಪಡೆದು ಬಂದಿತ್ತು. ಅವರಲ್ಲಿ ಎಷ್ಟು ಜನರಿಗೆ ಮನೆಯ ಗಂಡಸರು ಅದನ್ನೇ ತೋರಿಸಿ, ನೋಡು ಅವಳನ್ನ, ಅಂದಿರಬೇಕು.

"ನಾನು ಕೈಯಲ್ಲಿ ಒಗೆಯುವುದಿಲ್ಲ," ಎಂದಳು. "ಮಿಷನ್‌ಗೇ ಹಾಕುತ್ತೇನೆ. ಇವರು ನಡುವೆ ಕರೆಂಟ್ ತೆಗೆಯುತ್ತಾರೆ. ಬಟ್ಟೆ ಮುಗ್ಗಿ ನಾರುತ್ತದೆ. ಆ ವಾಸನೆಗೆ ಕೆಲಸದ ಜಾಗದಲ್ಲಿ ನನ್ನನ್ನು ಕರೆದು ಹೇಳಿದ್ದಾರೆ."

ಅತ್ತ ಕಡೆ ರೆತ್ನೊ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ನಮ್ಮ ಮನೆಯಲ್ಲಿ ಹಕ್ಕಿ," ಎಂದಳು. "ಹಾಡುವ ಹಕ್ಕಿ. ಸ್ಪರ್ಧೆಗೆ ಒಯ್ದು ಕಪ್ ಗೆದ್ದು ತರುತ್ತಾರೆ ನನ್ನ ಗಂಡ. ಪಂಜರ ತೊಳೆಯೋದು ಯಾರು ಅಂತ ಮಾತ್ರ ಕೇಳಬೇಡಿ."

"ಕೇಳೋದಿಲ್ಲ," ಎಂದಳು ಚಿತ್ರಾ.

ಇಬ್ಬರೂ ನಕ್ಕರು. ಚಿತ್ರಾಗೆ ಅಷ್ಟು ನಗು ಬಂದು ಎಷ್ಟೋ ದಿನವಾಗಿತ್ತು. ಕರೆ ಮುಗಿಯಿತು.

ಅನಂತಕೃಷ್ಣ ಫೋನನ್ನು ಮಗುಚಿ ಇಟ್ಟು, ನನ್ನ ಮಾನ ತೆಗೆದೆ ಅಂದ. ನೀವು ಬರೆದದ್ದು ಸುಳ್ಳಲ್ಲವಾ ಎಂದು ಅವಳು ಕೇಳಿದಳು. ಒಂದು ಚೂರು ಬಣ್ಣ ಹಾಕಿದೆ, ಅದೂ ನಿನ್ನನ್ನು ಹೊಗಳೋಕೆ, ಎಂದ ಅವನು, ನಿಜಕ್ಕೂ ನೊಂದವನಂತೆ. ಅವಳು ಸೀರೆ ಬಿಚ್ಚಿಟ್ಟು ಟ್ಯೂನಿಕ್ಕು ನೆನೆಹಾಕಲು ಹೋದಳು. ಬಕೆಟ್ಟಿನ ನೀರು ಸಂಜೆಯ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗಿತ್ತು.

ಗುರುವಾರ ಬೆಳಗ್ಗೆ ಟ್ಯೂನಿಕ್ಕುಗಳನ್ನು ಮಿಷನ್ನಿಗೆ ತುಂಬಿ, ಎಲ್ಲಕ್ಕಿಂತ ಹೆಚ್ಚಿನ ಬಿಸಿಗೆ ಇಟ್ಟು, ಒಣಗಿಸುವ ಗುಂಡಿಯನ್ನೂ ಒತ್ತಿ, ಉಳಿದ ಒಂದನ್ನು ತೊಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನ ಮರಳಿದಾಗ ಅನಂತಕೃಷ್ಣ ಅಡುಗೆಮನೆಯಲ್ಲಿ ಅದೇ ಮಿಷನ್ನಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ. ಮುಖ ಅರಳಿತ್ತು.

"ಬಂತು ಕಣೇ. ಇವತ್ತೇ ಹಾಕಿಬಿಟ್ರು. ಎಷ್ಟು ಕ್ಲಿಯರ್ ಅಂತೀಯಾ. ನಿನ್ನ ಆ ಮಾತು ಕಟ್ ಮಾಡಿದಾರೆ, ಹೆದರಬೇಡ. ಬರೀ ನಗು ಇಟ್ಟಿದಾರೆ. ನಾನು ಮಾತಾಡ್ತೀನಿ, ನೀನು ನಗ್ತೀಯ. ಗ್ರ್ಯಾಂಡಾಗಿದೆ."

ಚಿತ್ರಾಳ ಕಣ್ಣು ಮಿಷನ್ನಿನ ಮೇಲಿತ್ತು. ದೀಪವಿಲ್ಲ. ಗಾಜಿನ ಬಾಗಿಲ ಹಿಂದೆ ಅರ್ಧದವರೆಗೆ ಬೂದು ನೀರು, ಅದರಲ್ಲಿ ಟ್ಯೂನಿಕ್ಕಿನ ತೋಳೊಂದು ಗಾಜಿಗೆ ಅಂಟಿಕೊಂಡಿತ್ತು.

"ಮೇನ್ ಆಫ್ ಮಾಡಿದ್ರಾ?"

"ಅರ್ಧ ಗಂಟೆ ಅಷ್ಟೆ. ನನ್ನ ದನಿ ಬರೋ ಹೊತ್ತು ಅಲ್ವಾ. ಆಮೇಲೆ ಹಾಕಿದೆನಲ್ಲ."

"ಮಿಷನ್ ಮತ್ತೆ ಶುರು ಮಾಡಲಿಲ್ಲ."

"ಅದನ್ನ ನೀನು ಹೇಳಿರಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಬೆನ್ನ ಹಿಂದೆ ನಿಂತ ನೀರನ್ನು ಅವನು ಕಂಡೇ ಇರಲಿಲ್ಲ. ಮನೆಯ ಕೆಲಸವೆಂದರೆ ಅವನ ಮಟ್ಟಿಗೆ ಒಂದು ಬಗೆಯ ಸದ್ದು. ಬಂದರೆ ಅಡ್ಡಿ, ನಿಂತರೆ ನೆಮ್ಮದಿ.

ಮತ್ತೆ ಶುರು ಮಾಡಿದರೂ ಸಂಜೆಯ ಹುಡುಕಾಟಕ್ಕೆ ಸ್ವಿಚ್ಚು ಇಳಿಯುವುದೇ. ಅವಳು ನೆಲಕ್ಕೆ ಕೂತು ಮಿಷನ್ನಿನ ಕೆಳಗಿನ ಮುಚ್ಚಳ ತಿರುಗಿಸಿದಳು. ನೀರು ಬೇಕಿಂಗ್ ಟ್ರೇಗೆ ಇಳಿಯಿತು, ತುಂಬಿತು, ಅವಳು ಸಿಂಕಿಗೆ ಸುರಿದು ಬಂದು ಮತ್ತೆ ಹಿಡಿದಳು. ನೀರಿನ ಹಿಂದೆ ಲೋಳೆ ಬಂತು, ಬೂದು ನೂಲು, ಕೂದಲ ಉಂಡೆ, ಅವನ ಕಾಲುಚೀಲದ ಉಣ್ಣೆ, ಒಂದು ಗುಂಡಿ. ಕೈಬೆರಳಿಗೆ ಸುತ್ತಿಕೊಂಡದ್ದನ್ನು ಎಳೆದು ಹಾಕಿದಳು. ಅನಂತಕೃಷ್ಣ ಚಹಾದ ಲೋಟ ಎತ್ತಿಕೊಂಡು, ವಾಸನೆ ಅಂತ ಮೂಗು ಮುಚ್ಚಿ, ಎದ್ದು ರೇಡಿಯೋ ಕೋಣೆಗೆ ಹೋದ. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಅವನ ಮೇಲೆ ಸಿಟ್ಟಾಗಿದ್ದಳು, ಅತ್ತಿದ್ದಳು, ಮಾತು ಬಿಟ್ಟಿದ್ದಳು. ಅವನನ್ನು ಕಂಡು ಹೇಸಿದ್ದು ಅವತ್ತೇ ಮೊದಲು. ಕೈಯಲ್ಲಿದ್ದ ಲೋಳೆಗಿಂತ ಹೆಚ್ಚು ಹೇಸಿಗೆ ಆ ಮುಚ್ಚಿದ ಮೂಗಿನ ಮೇಲೆ ಬಂತು.

ಶಾಲೆಯಿಂದ ಬಂದ ತನ್ವಿ ಬಾಗಿಲಲ್ಲೇ ನಿಂತಳು. "ಅಮ್ಮಾ, ದಟ್ಸ್ ಮ್ಯಾಂಕಿ," ಎಂದಳು. ಕೊಳಕಿಗೆ ಇಲ್ಲಿಯ ಮಕ್ಕಳು ಆಡುವ ಮಾತು. ತಾಯಿಯ ಮುಖ ನೋಡಿ ಬ್ಯಾಗು ಇಳಿಸಿ, ಪೆಟ್ರೋಲ್ ಬಂಕಿನ ಅಂಗಳದಲ್ಲಿ ಬಟ್ಟೆ ಒಗೆಯುವ ದೊಡ್ಡ ಮಿಷನ್ನುಗಳಿವೆ, ತನ್ನ ಗೆಳತಿಯ ಅಮ್ಮ ಹೊದಿಕೆಗಳನ್ನು ಅಲ್ಲೇ ಹಾಕುತ್ತಾಳೆ, ಡ್ರೈಯರೂ ಇದೆ ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ದಾರಿಯಲ್ಲಿ ದಿನವೂ ನೋಡುವ ಮಿಷನ್ನುಗಳವು. ಮನೆಯಲ್ಲಿ ಮಿಷನ್ ಇರುವ ಹೆಂಗಸು ಅಲ್ಲಿಗೆ ಯಾಕೆ ಹೋಗಬೇಕೆಂದು ಚಿತ್ರಾ ಒಂದು ದಿನವೂ ಯೋಚಿಸಿರಲಿಲ್ಲ.

ಟ್ಯೂನಿಕ್ಕುಗಳನ್ನು ಹಿಂಡಿ ಚೀಲಕ್ಕೆ ತುಂಬಿದಳು. ತೊಟ್ಟಿದ್ದನ್ನೂ ಬಿಚ್ಚಿ ಹಾಕಿದಳು. ತನ್ವಿಯ ಶಾಲೆಯ ಬಟ್ಟೆ, ಇಬ್ಬರ ಟವೆಲ್ಲು, ಹಾಸಿಗೆಯ ಹೊದಿಕೆ. ಮೇಲಿನ ಬುಟ್ಟಿಯಿಂದ ಒಂದೊಂದೇ ಬಟ್ಟೆ ಎತ್ತಿ, ತಮ್ಮಿಬ್ಬರದು ಈ ಕಡೆ ಹಾಕಿ, ಅವನದನ್ನು ಬುಟ್ಟಿಯಲ್ಲೇ ಬಿಡುತ್ತ ಹೋದಳು. ಹಾಗೆ ಬೇರೆ ಮಾಡಿದ್ದು ಅದೇ ಮೊದಲು. ಕೈ ಹಳೆಯ ರೂಢಿಗೆ ಎರಡು ಸಲ ಅವನ ಶರ್ಟಿನ ಕಾಲರ್ ತಿರುಗಿಸಿ ಕಲೆ ನೋಡಿತು.

ಬಾಗಿಲ ಬಳಿ ಅನಂತಕೃಷ್ಣ ಕೇಳಿದ. "ಹೇಗೂ ಹೋಗ್ತಿದೀಯಲ್ಲ, ನನ್ನ ಶರ್ಟೂ ಹಾಕ್ಕೊಂಡು ಹೋಗು."

"ಅವು ನಿಮ್ಮವು," ಎಂದಳು.

"ಅಂದ್ರೆ?"

ಅದನ್ನು ಬಿಡಿಸಿ ಹೇಳುವಷ್ಟು ಬಾಯಿಯ ಕೆಲಸವೂ ಅವಳಿಗೆ ಬೇಡವಾಗಿತ್ತು.

ಬಂಕಿನ ಅಂಗಳದಲ್ಲಿ ತಾಯಿ ಮಗಳು ಕಾರಿನೊಳಗೆ ಕೂತು ಚಿಪ್ಸ್ ತಿಂದರು. ಮಳೆ ಹನಿಯುತ್ತಿತ್ತು. ಡ್ರಮ್ಮು ಯಾರ ಅಪ್ಪಣೆಗೂ ಕಾಯದೆ ತಿರುಗಿತು. ರೈತನೊಬ್ಬ ಕುದುರೆಯ ಕಂಬಳಿ ಹೊತ್ತು ತಂದು ಪಕ್ಕದ ಮಿಷನ್ನಿಗೆ ತುರುಕಿ, ಇವರತ್ತ ತಲೆಯಾಡಿಸಿ ಹೋದ. ಒಣಗಿದ ಟ್ಯೂನಿಕ್ಕುಗಳನ್ನು ಚಿತ್ರಾ ಬಿಸಿಬಿಸಿಯಾಗಿ ತೊಡೆಯ ಮೇಲೆ ಇಟ್ಟುಕೊಂಡಳು. ಮಗಳು ಒಂದರಲ್ಲಿ ಮೂಗಿಟ್ಟು ನೋಡಿ, ಗ್ರ್ಯಾಂಡ್ ಅಂದಳು. ಚಿತ್ರಾ ನಂಬಿಕೆಯಾಗದೆ ಮತ್ತೊಮ್ಮೆ ನೋಡು ಅಂದಳು.

ಶುಕ್ರವಾರದ ಮೀಟಿಂಗು ಬೇಗ ಮುಗಿಯಿತು. ಮ್ಯಾನೇಜರ್ ಅವಳ ಕೆಲಸವನ್ನು ಹೊಗಳಿ, ಕಾಯಂ ಮಾಡಿರುವುದಾಗಿ ಹೇಳಿ ಕೈ ಕುಲುಕಿದ. ಬ್ರೀಡಾ ವಾಸನೆಯ ಮಾತೆತ್ತಲಿಲ್ಲ. ಹೊರಡುವಾಗ ಅವಳನ್ನು ಬೇಕೆಂದೇ ಹತ್ತಿರ ಎಳೆದು ಅಪ್ಪಿಕೊಂಡಳು. ಚಿತ್ರಾಗೆ ಅದು ಅರ್ಥವಾಯಿತು, ಅರ್ಥವಾದದ್ದಕ್ಕೇ ಮುಖ ಬಿಸಿಯಾಯಿತು. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿ ತೋಳನ್ನು ಮೂಗಿಗೆ ಹಿಡಿದಳು. ಬಂಕಿನ ಸೋಪಿನ ಹುಸಿ ಹೂವಿನ ಪರಿಮಳ, ಬೇರೇನೂ ಇಲ್ಲ. ಆದರೂ ಅಂದಿನಿಂದ ಯಾವ ಕೋಣೆಯ ಬಾಗಿಲು ತಟ್ಟುವ ಮುಂಚೆಯೂ ಅವಳ ಮೂಗು ತಾನಾಗಿ ಭುಜಕ್ಕೆ ಬಾಗುತ್ತದೆ. ಮುದುಕರು ಅದನ್ನು ನಾಚಿಕೆಯೆಂದು ತಿಳಿಯುತ್ತಾರೆ.

ವಾರಕ್ಕೆರಡು ಸಲ ಅವಳೂ ತನ್ವಿಯೂ ಬಂಕಿಗೆ ಹೋಗುತ್ತಾರೆ. ಮನೆಯ ಮಿಷನ್ನು ಸುಮ್ಮನಿದೆ, ಇಂಡೋನೇಷ್ಯಾ ಸ್ಪಷ್ಟವಾಗಿ ಕೇಳುತ್ತದೆ. ಅನಂತಕೃಷ್ಣನ ಬುಟ್ಟಿ ಮೆಟ್ಟಿಲ ಮೇಲ್ತುದಿಯಲ್ಲಿ ತುಂಬಿ ಚೆಲ್ಲಿತು. ಒಂದು ದಿನ ಅವನು ಅದನ್ನು ಹೊತ್ತು ಮಲಗುವ ಕೋಣೆಯ ಬಾಗಿಲಿಗೆ ತಂದಿಟ್ಟ. ಅವಳು ಕಾಲಲ್ಲಿ ಸರಿಸಿದಳು. ಮರುದಿನ ಮತ್ತೆ ಬಾಗಿಲಲ್ಲಿತ್ತು. ಅವನು ಈಗ ಮಿಷನ್ನಿನ ಗುಂಡಿ ಒತ್ತಲು ಕಲಿಯುತ್ತಾನೆಂದು ತನ್ವಿ ಬಾಜಿ ಕಟ್ಟಿದ್ದಳು. ಕಳೆದ ವಾರ ಕೊರಿಯರಿನವನು ಅನಂತಕೃಷ್ಣ ತರಿಸಿದ ಒಂದು ಪೊಟ್ಟಣ ಕೊಟ್ಟು ಹೋದ. ಒಳಗೆ ಹೊಸ ಶರ್ಟುಗಳು, ಕಾಲರಿಗೆ ರಟ್ಟು ಸಿಕ್ಕಿಸಿ, ಗುಂಡುಸೂಜಿ ಚುಚ್ಚಿ ಮಡಿಸಿದ್ದವು.